ಗರ್ಭಚೀಲ ತೆಗೆಸಬೇಕು ಎಂದಾಗ: ಒಪ್ಪಿಗೆ, ಸಹಿ, ದಾಖಲೆ ಮತ್ತು ದೂರಿನ ಕುರಿತು ಕಲಬುರಗಿಯ ಮಹಿಳೆಯರಿಗೊಂದು ಸಮಗ್ರ ಮಾರ್ಗದರ್ಶಿ

2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದಲೂ ದಲಿತ ಕೇರಿಗಳಿಂದಲೂ ಬಂದ ದೂರುಗಳು ರಾಜ್ಯದ ಗಮನ ಸೆಳೆದವು. ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ಏರುಪೇರು ಎಂದು ಖಾಸಗಿ ಆಸ್ಪತ್ರೆಗೆ ಹೋದ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ, ಅಗತ್ಯವಿಲ್ಲದಿದ್ದರೂ ಗರ್ಭಚೀಲ ತೆಗೆಯಲಾಗಿದೆ ಎಂಬುದು ಆ ದೂರುಗಳ ಸಾರವಾಗಿತ್ತು. ಆರೋಗ್ಯ ಇಲಾಖೆ ತನಿಖೆ ನಡೆಸಿದಾಗ ಎರಡು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಲೆಕ್ಕ ಹೊರಬಂತು. ಕೆಲವು ಆಸ್ಪತ್ರೆಗಳ ಪರವಾನಗಿ ರದ್ದುಪಡಿಸುವ ಕ್ರಮವೂ ಆಯಿತು. ಆದರೆ ಚೀಲ ಕಳೆದುಕೊಂಡ ಹೆಂಗಸರ ಕೈಯಲ್ಲಿ ತಮಗೆ ಏನು ಕಾಯಿಲೆ ಇತ್ತು, ಏನನ್ನು ತೆಗೆದರು, ಯಾವುದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಹೇಳುವ ಒಂದು ಹಾಳೆಯೂ ಇಲ್ಲದಿದ್ದರೆ ಯಾವ ಪ್ರಾಧಿಕಾರದ ಮುಂದೆಯೂ ವಾದ ನಿಲ್ಲುವುದು ಕಷ್ಟ.

ಆದ್ದರಿಂದ ಈ ಮಾರ್ಗದರ್ಶಿ ಶಸ್ತ್ರಚಿಕಿತ್ಸೆಗೆ ಮೊದಲಿನ ದಿನಗಳಿಂದ ಆರಂಭವಾಗುತ್ತದೆ. "ಚೀಲ ತೆಗೆಸಬೇಕು" ಎಂಬ ಮಾತು ಕೇಳಿಬಂದ ಮಹಿಳೆಗೆ, ಅವಳ ಜೊತೆ ಆಸ್ಪತ್ರೆಗೆ ಹೋಗುವ ಮಗಳಿಗೆ ಅಥವಾ ನೆಗೆಣ್ಣಿಗೆ, ಊರಿನ ಆಶಾ ಕಾರ್ಯಕರ್ತೆಗೆ ಇದು ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಬರೆದದ್ದು. ಗರ್ಭಚೀಲ ತೆಗೆಯುವುದೇ ತಪ್ಪು ಎಂಬ ವಾದ ಇಲ್ಲಿಲ್ಲ. ದೊಡ್ಡ ಗಡ್ಡೆಗಳು, ಔಷಧಿಗೆ ಬಗ್ಗದ ರಕ್ತಸ್ರಾವ, ಚೀಲ ಕೆಳಗೆ ಜಾರುವುದು, ಖಚಿತವಾದ ಕ್ಯಾನ್ಸರ್ ಇವುಗಳಲ್ಲಿ ಅದು ಸರಿಯಾದ ಚಿಕಿತ್ಸೆಯೇ ಆಗಿರಬಹುದು. ಯಾರ ದೇಹವೋ ಅವರಿಗೆ ವಿಷಯ ತಿಳಿದಿರಬೇಕು ಮತ್ತು ನಿರ್ಧಾರ ಅವರದೇ ಆಗಿರಬೇಕು ಎಂಬುದಷ್ಟೇ ಕಾನೂನಿನ ಬೇಡಿಕೆ.

ಮೊದಲ ಹಂತ: ಇದು ತುರ್ತು ಪರಿಸ್ಥಿತಿಯೇ ಎಂದು ಕೇಳಿ ತಿಳಿಯುವುದು

ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ, ಗರ್ಭಚೀಲ ಹರಿದಿರುವುದು ಮುಂತಾದ ಸಂದರ್ಭಗಳಲ್ಲಿ ಜೀವ ಉಳಿಸಲು ವೈದ್ಯರು ತಕ್ಷಣ ಚೀಲ ತೆಗೆಯಬೇಕಾಗುತ್ತದೆ. ಅಂಥ ಗಳಿಗೆಯಲ್ಲಿ ಕಾಗದಕ್ಕಾಗಿ ಕಾಯುವುದು ಅಪಾಯ, ಕಾನೂನೂ ಕಾಯಲು ಹೇಳುವುದಿಲ್ಲ. ಆದರೆ ನಡೆದುಕೊಂಡು ಹೊರರೋಗಿ ವಿಭಾಗಕ್ಕೆ ಬಂದು, ಕುಳಿತು ಮಾತಾಡುತ್ತಿರುವ ಹೆಂಗಸಿಗೆ "ಇವತ್ತೇ ಅಡ್ಮಿಟ್ ಆಗಿ, ನಾಳೆ ಆಪರೇಷನ್" ಎಂದರೆ ಆ ಅವಸರಕ್ಕೆ ಕಾರಣ ಕೇಳುವುದು ಅವಳ ಹಕ್ಕು. ನಮ್ಮ ಭಾಗದ ಮಾತಿನಲ್ಲಿ ನೇರವಾಗಿ ಕೇಳಬಹುದು: "ಮೇಡಂ, ಈಗ ತೆಗಿಸದಿದ್ರ ಏನಾಗ್ತದರೀ? ಹದಿನೈದು ದಿನಾ ಬಿಟ್ಟು ಬಂದ್ರ ನಡೀತದೇನ್ರಿ? ಗುಳಿಗಿ ಇಲ್ಲಾ ಬ್ಯಾರೆ ಇಲಾಜ್ ಏನರ ಅದಾ?"

ಎರಡು ಮಾತುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮೊದಲನೆಯದು ಬಿಳಿಸೆರಗು. ಸೋಂಕಿನಿಂದ ಬರುವ ಬಿಳಿಸೆರಗಿಗೆ ಮಾತ್ರೆಗಳ ಚಿಕಿತ್ಸೆ ಇದೆ, ಅದಷ್ಟೇ ಇದ್ದರೆ ಗರ್ಭಚೀಲ ತೆಗೆಯಲು ಕಾರಣವಾಗುವುದಿಲ್ಲ. ಎರಡನೆಯದು "ಮುಂದೆ ಕ್ಯಾನ್ಸರ್ ಆಗಬಹುದು" ಎಂಬ ಮಾತು. ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷೆ ತೋರಿಸಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ, ಅಲ್ಲಿನ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ, ಸಂಶಯವಿದ್ದರೆ ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಬಯಾಪ್ಸಿ ಇವೆಲ್ಲ ಅದಕ್ಕಾಗಿಯೇ ಇವೆ. ಇವು ಯಾವುವೂ ಇಲ್ಲದೆ ಬರೀ ಸ್ಕ್ಯಾನಿಂಗ್ ನೋಡಿ ಕ್ಯಾನ್ಸರಿನ ಮಾತು ಎತ್ತಿದರೆ, ಅದನ್ನು ಚೀಟಿಯ ಮೇಲೆ ಬರೆದುಕೊಡಿ ಎಂದು ವಿನಯದಿಂದಲೇ ಕೇಳಿರಿ. ಬಾಯಲ್ಲಿ ಹೇಳಿದ ಕಾಯಿಲೆಯನ್ನು ಬರೆದುಕೊಡಲು ಹಿಂಜರಿಯುವವರ ಬಳಿ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹಂತ: ಬೇರೊಬ್ಬ ವೈದ್ಯರ ಅಭಿಪ್ರಾಯ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ತಾನು ಬಯಸಿದ ಬೇರೆ ವೈದ್ಯರ ಅಭಿಪ್ರಾಯ ಪಡೆಯುವುದನ್ನು ಒಂದು ಹಕ್ಕು ಎಂದೇ ಗುರುತಿಸುತ್ತದೆ. ಅದಕ್ಕಾಗಿ ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ವರದಿಗಳನ್ನು ಮೊದಲ ಆಸ್ಪತ್ರೆ ರೋಗಿಗೆ ಕೊಡಬೇಕು. "ಇಲ್ಲಿ ಆಪರೇಷನ್ ಮಾಡಿಸಿಕೊಂಡರೆ ಮಾತ್ರ ರಿಪೋರ್ಟ್" ಎಂಬ ಷರತ್ತಿಗೆ ಆಧಾರವಿಲ್ಲ.

ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು. ಅಲ್ಲಿನ ಸ್ತ್ರೀರೋಗ ವಿಭಾಗದ ಹೊರರೋಗಿ ಚೀಟಿಯೇ ಎರಡನೆಯ ಅಭಿಪ್ರಾಯದ ಲಿಖಿತ ಸಾಕ್ಷಿಯಾಗುತ್ತದೆ. ಕಾರ್ಮಿಕ ವಿಮೆ ಇರುವ ಕುಟುಂಬದವರಿಗೆ ಕಲಬುರಗಿಯ ಇಎಸ್‌ಐ ಆಸ್ಪತ್ರೆ ಇದೆ. ಕ್ಯಾನ್ಸರಿನ ಸಂಶಯವೇ ಮುಖ್ಯವಾಗಿದ್ದರೆ ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿರುವುದರಿಂದ ಅದಕ್ಕಾಗಿ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಪಾಳಿ ಹಚ್ಚಿ ನಿಲ್ಲುವುದು ಬೇಸರದ ಕೆಲಸ, ಕೂಲಿಯೂ ಹೋಗುತ್ತದೆ. ಆದರೂ ಒಂದು ಅಂಗ ಉಳಿಯುವುದೋ ಹೋಗುವುದೋ ಎಂಬುದರ ಮುಂದೆ ಒಂದು ದಿನದ ಕೂಲಿಯನ್ನು ತೂಗಿ ನೋಡಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಯ ಯೋಜಿತ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಇದನ್ನು ಹಲವರು ಕಾಟ ಎಂದು ತಿಳಿಯುತ್ತಾರೆ. ಆದರೆ ಸರ್ಕಾರಿ ಸ್ತ್ರೀರೋಗ ತಜ್ಞರು ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂದು ಮತ್ತೊಮ್ಮೆ ನೋಡುವ ಅವಕಾಶವೂ ಅದರಲ್ಲಿಯೇ ಅಡಗಿದೆ. "ಕಾರ್ಡ್ ಬೇಡ, ನಗದು ಕೊಡಿ, ಬೇಗ ಮುಗಿಸುತ್ತೇವೆ" ಎಂದಾಗ ತಪ್ಪಿಹೋಗುವುದು ಹಣವಷ್ಟೇ ಅಲ್ಲ, ಆ ಮರುಪರಿಶೀಲನೆಯೂ ಹೌದು.

ಮೂರನೆಯ ಹಂತ: ವೈದ್ಯರ ಮತ್ತು ಆಸ್ಪತ್ರೆಯ ನೋಂದಣಿ ನೋಡುವುದು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಪ್ರತಿ ಖಾಸಗಿ ಆಸ್ಪತ್ರೆಗೂ ನೋಂದಣಿ ಇರಬೇಕು. ನೋಂದಣಿ ಪತ್ರವೂ ದರಪಟ್ಟಿಯೂ ಜನರಿಗೆ ಕಾಣುವಂತಿರಬೇಕು. ವೈದ್ಯರ ಚೀಟಿಯ ಮೇಲೆ ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಊರಿನಲ್ಲಿ ಆರ್‌ಎಂಪಿ ಎನಿಸಿಕೊಂಡು, ವೈದ್ಯ ಪದವಿಯಿಲ್ಲದೆ ಚಿಕಿತ್ಸೆ ಕೊಡುವವರು ಒಂದೇ ನಿರ್ದಿಷ್ಟ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರೆ ಕಮಿಷನ್ನಿನ ಸಾಧ್ಯತೆಯನ್ನು ಮನಸ್ಸಿನಲ್ಲಿಡಿ. ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಾವಳಿ ನಿಷೇಧಿಸುತ್ತದೆ.

ನಾಲ್ಕನೆಯ ಹಂತ: ಒಪ್ಪಿಗೆ ಪತ್ರವನ್ನು ಓದಿಸಿಕೊಳ್ಳುವುದು

ಈ ವಿಷಯದ ಅಡಿಗಲ್ಲು 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ತೊಂದರೆಗಾಗಿ ದೆಹಲಿಯ ವೈದ್ಯರ ಬಳಿ ಹೋಗಿ, ದುರ್ಬೀನಿನಿಂದ ಒಳಗೆ ನೋಡುವ ಪರೀಕ್ಷೆಗೆ ಸಹಿ ಮಾಡಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕುಳಿತಿದ್ದ ತಾಯಿಯನ್ನು ಕೇಳಿ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ರೋಗಿ ಪ್ರಾಪ್ತ ವಯಸ್ಕಳಾಗಿದ್ದು, ಸ್ವತಃ ನಿರ್ಧರಿಸಲು ಶಕ್ತಳಾಗಿರುವಾಗ ಬೇರೆ ಯಾರೂ ಅವಳ ಪರವಾಗಿ ಒಪ್ಪಿಗೆ ಕೊಡಲಾಗದು, ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಜೀವ ಉಳಿಸಲು ತಡೆಯಲಾಗದ ಅಗತ್ಯ ಬಂದಾಗ ಮಾತ್ರ ವಿನಾಯಿತಿ. ವೈದ್ಯರ ಉದ್ದೇಶ ಒಳ್ಳೆಯದಿತ್ತು ಎಂಬುದು ಒಪ್ಪಿಗೆಯ ಕೊರತೆಯನ್ನು ತುಂಬಲಿಲ್ಲ. ಪರಿಹಾರದ ಮೊತ್ತ 25,000 ರೂಪಾಯಿ ಮಾತ್ರ. ನನಗದು ತೀರ ಕಡಿಮೆ ಎನಿಸುತ್ತದೆ, ಆದರೆ ತೀರ್ಪಿನ ತತ್ವ ದೊಡ್ಡದು.

ಆ ತೀರ್ಪಿನ ಪ್ರಕಾರ ಸಹಿಗೆ ಮೊದಲು ವೈದ್ಯರು ರೋಗಿಗೆ ತಿಳಿಸಬೇಕಾದ ಸಂಗತಿಗಳಿವೆ. ಚಿಕಿತ್ಸೆ ಏನು ಮತ್ತು ಅದನ್ನು ಹೇಗೆ ಮಾಡುತ್ತಾರೆ, ಅದರ ಉದ್ದೇಶ ಮತ್ತು ಪ್ರಯೋಜನವೇನು, ಬೇರೆ ದಾರಿಗಳಿವೆಯೇ, ಮುಖ್ಯವಾದ ಅಪಾಯಗಳು ಯಾವುವು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳಬೇಕು. ಅತಿ ವಿರಳವಾದ ಪ್ರತಿಯೊಂದು ಅಪಾಯವನ್ನೂ ಹೇಳಲೇಬೇಕೆಂದು ನ್ಯಾಯಾಲಯ ಬಯಸಲಿಲ್ಲ. ರೋಗಿ ಸಮತೂಕದ ನಿರ್ಧಾರ ತೆಗೆದುಕೊಳ್ಳುವಷ್ಟು ತಿಳಿವಳಿಕೆ ಸಿಗಬೇಕು ಎಂಬುದು ಅದರ ಅಳತೆಗೋಲು.

ಇದನ್ನು ನಮ್ಮ ಆಸ್ಪತ್ರೆಗಳ ವಾಸ್ತವಕ್ಕೆ ಹೊಂದಿಸಿ ನೋಡೋಣ. ಒಪ್ಪಿಗೆ ಪತ್ರ ಹಲವು ಕಡೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಕಾಯಿಲೆಯ ಮತ್ತು ಶಸ್ತ್ರಚಿಕಿತ್ಸೆಯ ಹೆಸರಿನ ಜಾಗ ಖಾಲಿ ಇರುವಾಗಲೇ ಸಹಿ ಕೇಳುವುದುಂಟು. ತಾಂಡಾದ ತಾಯಿಗೆ ಲಂಬಾಣಿ, ನಗರದ ಹಳೆಯ ಓಣಿಯ ತಾಯಿಗೆ ದಖನಿ ಉರ್ದು, ಔರಾದ ಕಡೆಯವರಿಗೆ ಮರಾಠಿ ಹೆಚ್ಚು ತಿಳಿಯುವ ಈ ಭಾಗದಲ್ಲಿ ಬರೀ ಕನ್ನಡ ಅಚ್ಚು ಕೂಡ ಎಲ್ಲರಿಗೂ ಸಾಲದು. ಆದ್ದರಿಂದ ಹೀಗೆ ಮಾಡಿರಿ. ಖಾಲಿ ಜಾಗವಿರುವ ಹಾಳೆಗೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಜೊತೆಗಿರುವ ಓದು ಬಲ್ಲವರು ಅದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಿ, ಬಳಿಕ "ನನಗೆ ಇಂಥ ಭಾಷೆಯಲ್ಲಿ ಓದಿ ವಿವರಿಸಲಾಗಿದೆ" ಎಂಬ ಸಾಲನ್ನು ಕೈಯಿಂದಲೇ ಸೇರಿಸಿ, ಓದಿ ಹೇಳಿದವರು ಸಾಕ್ಷಿಯಾಗಿ ಸಹಿ ಮಾಡಲಿ. ದಿನಾಂಕದ ಜೊತೆ ಸಮಯವನ್ನೂ ಬರೆಯಿರಿ. ಅರಿವಳಿಕೆಯ ಚುಚ್ಚುಮದ್ದು ಕೊಟ್ಟ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟಿಗೂ ಹಿಂದಿನ ದಿನ ಯೋಚಿಸಿ ಮಾಡಿದ ಸಹಿಗೂ ಇರುವ ವ್ಯತ್ಯಾಸ ಆ ಸಮಯದಿಂದಲೇ ತಿಳಿಯುವುದು. ನಂತರ ಹಾಳೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಅಂಡಾಶಯದ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ಕೇಳಬೇಕು. ಗರ್ಭಚೀಲ ತೆಗೆಯುವಾಗ ಅಂಡಾಶಯಗಳನ್ನೂ ಸೇರಿಸಿ ತೆಗೆದುಬಿಟ್ಟರೆ ಮುಟ್ಟು ನಿಲ್ಲುವ ವಯಸ್ಸಿನ ಲಕ್ಷಣಗಳೆಲ್ಲ ಒಮ್ಮೆಲೇ ಬರುತ್ತವೆ. ಮೈ ಕಾದಂತಾಗುವುದು, ನಿದ್ದೆ ಕೆಡುವುದು ಒಂದು ಕಡೆಯಾದರೆ, ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಅಪಾಯ ಹೆಚ್ಚುವುದು ಇನ್ನೊಂದು ಕಡೆ. 35 ವರ್ಷದ, ಹೊಲದ ಕೆಲಸ ಮಾಡುವ ಹೆಂಗಸಿಗೆ ಇದು ಸಣ್ಣ ವಿಷಯವಲ್ಲ. ಅಂಡಾಶಯಗಳನ್ನು ಉಳಿಸಬೇಕೆಂಬುದು ನಿಮ್ಮ ಇಚ್ಛೆಯಾದರೆ "ಅಂಡಾಶಯಗಳನ್ನು ತೆಗೆಯಲು ನನ್ನ ಒಪ್ಪಿಗೆ ಇಲ್ಲ" ಎಂದು ಒಪ್ಪಿಗೆ ಪತ್ರದ ಮೇಲೆಯೇ ಬರೆಯಿರಿ. ಸಮೀರಾ ಕೊಹ್ಲಿ ತೀರ್ಪಿನ ಬಲ ಆ ಒಂದು ಸಾಲಿಗೆ ಇದೆ.

ಐದನೆಯ ಹಂತ: ಗಂಡನ ಸಹಿ ಬೇಕೆಂದಾಗ

ಇಲ್ಲಿ ಕಾನೂನು ಸ್ವಲ್ಪ ತೊಡಕಾಗಿದೆ, ಮತ್ತು ಆ ತೊಡಕನ್ನು ಮರೆಮಾಚಿ "ಗಂಡನ ಸಹಿ ಎಲ್ಲೂ ಬೇಡ" ಎಂದು ಹೇಳುವವರು ಹೆಂಗಸರಿಗೆ ಉಪಕಾರ ಮಾಡುವುದಿಲ್ಲ. ಗರ್ಭಪಾತದ ವಿಷಯ ಸ್ಪಷ್ಟವಾಗಿದೆ. 1971ರ ವೈದ್ಯಕೀಯ ಗರ್ಭಪಾತ ಅಧಿನಿಯಮದ ಪ್ರಕಾರ 18 ವರ್ಷ ತುಂಬಿದ, ಮಾನಸಿಕ ಕಾಯಿಲೆ ಇಲ್ಲದ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಗಂಡನ ಅನುಮತಿಯಂಥ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಸರ್ಕಾರಿ ಕುಟುಂಬ ಯೋಜನೆಯ ಸಂತಾನಹರಣ ಶಸ್ತ್ರಚಿಕಿತ್ಸೆಗೂ ಸಂಗಾತಿಯ ಒಪ್ಪಿಗೆ ಅಗತ್ಯವಿಲ್ಲವೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ.

ಗರ್ಭಚೀಲದ ವಿಷಯಕ್ಕೆ ಬಂದಾಗ ಆಸ್ಪತ್ರೆಯವರು ತೋರಿಸುವುದು 2002ರ ವೃತ್ತಿ ನಡವಳಿಕೆಯ ನಿಯಮಾವಳಿಯ 7.16ನೆಯ ನಿಯಮವನ್ನು. ಬಂಜೆತನ ಉಂಟುಮಾಡಬಹುದಾದ ಶಸ್ತ್ರಚಿಕಿತ್ಸೆಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು ಎಂದು ಅದರಲ್ಲಿದೆ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ಹೊರಡಿಸಿ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದದ್ದರಿಂದ ಹಳೆಯ ನಿಯಮಾವಳಿಗೆ ಮತ್ತೆ ಜೀವ ಬಂತು. ಹೀಗಾಗಿ ವೈದ್ಯರು ಗಂಡನ ಸಹಿ ಕೇಳಿದರೆ ಅದು ಅವರು ಹುಟ್ಟಿಸಿದ ಕಟ್ಟಳೆಯಲ್ಲ. ಆದರೆ ಈ ನಿಯಮದಿಂದ ಏನು ಸಿದ್ಧಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಗಂಡನ ಸಹಿ ಹೆಂಡತಿಯ ಸಹಿಯ ಬದಲಿಗೆ ಬರಲಾರದು. ನಮ್ಮ ಭಾಗದಲ್ಲಿ ನಿಜವಾಗಿ ನಡೆಯುವ ಅನ್ಯಾಯ ಇದೇ: ವೈದ್ಯರು ಗಂಡನನ್ನೋ ಅತ್ತೆಯನ್ನೋ ಕೋಣೆಗೆ ಕರೆದು ಮಾತಾಡುತ್ತಾರೆ, ಹಣದ ಲೆಕ್ಕ ಅವರ ಜೊತೆ ಆಗುತ್ತದೆ, ರೋಗಿಗೆ ತಿಳಿಯುವುದು ಊಟ ಬಿಡಿ ಎಂದಾಗ. ಗಂಡ ಸಹಿ ಮಾಡಿದ್ದಾನೆ ಎಂಬ ಒಂದೇ ಕಾರಣಕ್ಕೆ ಆ ಒಪ್ಪಿಗೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೆಂಡತಿ ಬೇಡವೆಂದರೆ ಗಂಡ ಹೂಂ ಎಂದರೂ ಶಸ್ತ್ರಚಿಕಿತ್ಸೆ ಆಗಕೂಡದು.

ವಿಧವೆ, ವಿಚ್ಛೇದಿತೆ, ಅವಿವಾಹಿತೆಯ ವಿಷಯದಲ್ಲಿ ಗಂಡನ ಸ್ಥಾನಕ್ಕೆ ಮಗನನ್ನೋ ಅಣ್ಣನನ್ನೋ ತಂದು ನಿಲ್ಲಿಸುವ ರೂಢಿಯಿದೆ. ನಿಯಮ ಹೇಳುವುದು ಗಂಡ ಹೆಂಡತಿಯ ಬಗ್ಗೆ ಮಾತ್ರ. ಮಗನ ಅಥವಾ ಅಣ್ಣನ ಒಪ್ಪಿಗೆಗೆ ಅಲ್ಲಿ ಜಾಗವಿಲ್ಲ. ಅವರು ಸಾಕ್ಷಿಯಾಗಿ ಸಹಿ ಹಾಕಬಹುದು, ಅಷ್ಟೇ. ಗಂಡ ಮುಂಬೈಗೋ ಪುಣೆಗೋ ದುಡಿಯಲು ಹೋಗಿ ವರ್ಷಗಟ್ಟಲೆ ಬಾರದಿರುವ, ಬಿಟ್ಟೇಹೋಗಿರುವ ಹೆಂಗಸರದು ಇನ್ನೂ ಕಠಿಣ ಪರಿಸ್ಥಿತಿ. ಅಂಥವರು "ಗಂಡ ನನ್ನ ಜೊತೆ ಇಲ್ಲ, ಸಂಪರ್ಕದಲ್ಲಿಲ್ಲ, ಈ ಚಿಕಿತ್ಸೆಗೆ ನನ್ನ ಸ್ವಂತ ಒಪ್ಪಿಗೆ ಇದೆ" ಎಂದು ಬರೆದುಕೊಟ್ಟು ಅದನ್ನು ಕಡತಕ್ಕೆ ಸೇರಿಸಲು ಕೋರಬೇಕು.

ಇನ್ನೊಂದು ವಾದ ನನಗೆ ಬಲವಾದದ್ದೆಂದು ತೋರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಗರ್ಭಚೀಲ ತೆಗೆಸಿಕೊಳ್ಳುವ ಹಲವರಿಗೆ ಮೊದಲೇ ಮಕ್ಕಳಾಗದ ಆಪರೇಷನ್ ಆಗಿರುತ್ತದೆ, ಇನ್ನು ಕೆಲವರಿಗೆ ಮುಟ್ಟು ನಿಂತಿರುತ್ತದೆ. ಅಂಥವರಲ್ಲಿ ಶಸ್ತ್ರಚಿಕಿತ್ಸೆಯಿಂದ ಬಂಜೆತನ ಹೊಸದಾಗಿ ಉಂಟಾಗುವುದಿಲ್ಲ, ಆದ್ದರಿಂದ 7.16ರ ಆ ವಾಕ್ಯ ಅವರಿಗೆ ಅನ್ವಯಿಸಬೇಕಾಗಿಲ್ಲ. ಇದು ನಿಯಮದ ಮಾತುಗಳನ್ನು ಓದಿ ನಾನು ತಲುಪಿದ ಅರ್ಥ. ಗಂಡನ ಸಹಿ ಇಲ್ಲವೆಂದು ಚಿಕಿತ್ಸೆ ನಿರಾಕರಿಸಿದಾಗ ಲಿಖಿತವಾಗಿ ಮುಂದಿಡಲು ಯೋಗ್ಯವಾದದ್ದು.

ಗಂಡನ ಮನೆಯವರೇ ಬಲವಂತದಿಂದ ಚೀಲ ತೆಗೆಸಲು ಹೊರಟಿದ್ದರೆ ಅದು ಕೌಟುಂಬಿಕ ಹಿಂಸೆಯ ವಿಷಯವಾಗುತ್ತದೆ. 2005ರ ಅಧಿನಿಯಮದ ಅಡಿ ಸಂರಕ್ಷಣಾಧಿಕಾರಿಯನ್ನು ಕಾಣಬಹುದು, 181 ಸಹಾಯವಾಣಿಗೆ ಕರೆ ಮಾಡಬಹುದು.

ಆರನೆಯ ಹಂತ: ದಾಖಲೆಗಳನ್ನು ಕೈಗೆ ತೆಗೆದುಕೊಳ್ಳುವುದು

ಬಿಡುಗಡೆಯ ದಿನ ಆಸ್ಪತ್ರೆ ಸಾಮಾನ್ಯವಾಗಿ ಒಂದು ಡಿಸ್ಚಾರ್ಜ್ ಕಾರ್ಡ್ ಮತ್ತು ಔಷಧಿಯ ಚೀಟಿ ಕೊಟ್ಟು ಕಳಿಸುತ್ತದೆ. ಅದು ಸಾಲದು. ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ಟಿಪ್ಪಣಿ, ಮೊದಲಿನ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಗಳು, ವಿವರವಾದ ಬಿಲ್ಲು ಮತ್ತು ಹಣ ಕಟ್ಟಿದ ರಸೀದಿ ಇವೆಲ್ಲ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಹೆಚ್ಚಿನವರು ಕೇಳದೆಯೇ ಮನೆಗೆ ಮರಳಿಬಿಡುವುದು, ತೆಗೆದ ಗರ್ಭಚೀಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ. ಜನ ಅದನ್ನು ಬಯಾಪ್ಸಿ ರಿಪೋರ್ಟ್ ಎನ್ನುತ್ತಾರೆ. ಅದು ಬರಲು ಕೆಲವು ದಿನ ಹಿಡಿಯುವುದರಿಂದ ಹೊಲಿಗೆ ತೋರಿಸಲು ಬರುವ ದಿನ ಕೇಳಿ ಪಡೆಯಬೇಕು. ಕ್ಯಾನ್ಸರ್ ಎಂದು ಹೇಳಿ ತೆಗೆದ ಚೀಲದಲ್ಲಿ ಕ್ಯಾನ್ಸರ್ ಇತ್ತೇ, ಗಡ್ಡೆ ಎಂದು ಹೇಳಿದ ಕಡೆ ಗಡ್ಡೆ ಇತ್ತೇ ಎಂಬುದಕ್ಕೆ ಅದೇ ಉತ್ತರ. ತೆಗೆದ ಅಂಗವನ್ನು ಪರೀಕ್ಷೆಗೆ ಕಳಿಸಿಯೇ ಇಲ್ಲವೆಂದಾದರೆ ಆ ಮಾತನ್ನೂ ಬರೆಸಿಕೊಳ್ಳಿ. ದೂರಿನಲ್ಲಿ ಅದಕ್ಕೆ ತೂಕವಿದೆ. ನಿಜವಾಗಿ ಕ್ಯಾನ್ಸರ್ ಇದ್ದವರಿಗೂ ಮುಂದಿನ ಚಿಕಿತ್ಸೆ ನಿಂತಿರುವುದು ಇದೇ ವರದಿಯ ಮೇಲೆ.

2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕು, ಮತ್ತು ರೋಗಿ ಕೇಳಿದಾಗ 72 ಗಂಟೆಗಳ ಒಳಗೆ ಕೊಡಬೇಕು. ಕೊಡದಿರುವುದು ವೃತ್ತಿಯ ದುರ್ನಡತೆ ಎನಿಸುತ್ತದೆ. ಬಾಯಿಮಾತಿನಲ್ಲಿ ಕೇಳಿದರೆ "ನಾಳೆ ಬಾ" ಎನ್ನುತ್ತಾರೆ, ಆದ್ದರಿಂದ ಅರ್ಜಿ ಬರೆಯಿರಿ:

"ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ. ನಾನು ನಿಮ್ಮ ಆಸ್ಪತ್ರೆಯಲ್ಲಿ (ದಿನಾಂಕ)ದಿಂದ (ದಿನಾಂಕ)ದವರೆಗೆ ಒಳರೋಗಿಯಾಗಿದ್ದು, ನನಗೆ ಗರ್ಭಚೀಲದ ಶಸ್ತ್ರಚಿಕಿತ್ಸೆ ಆಗಿರುತ್ತದೆ. ನನ್ನ ಒಳರೋಗಿ ಸಂಖ್ಯೆ (ಸಂಖ್ಯೆ). ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ಟಿಪ್ಪಣಿಗಳು, ತೆಗೆದ ಅಂಗದ ಪ್ರಯೋಗಾಲಯ ವರದಿ, ಎಲ್ಲ ಪರೀಕ್ಷಾ ವರದಿಗಳು ಮತ್ತು ಬಿಲ್ಲುಗಳ ಪ್ರತಿಗಳನ್ನು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಾವಳಿಯಂತೆ 72 ಗಂಟೆಗಳ ಒಳಗೆ ನೀಡಬೇಕೆಂದು ಕೋರುತ್ತೇನೆ. ಪ್ರತಿಗಳ ವೆಚ್ಚ ಭರಿಸಲು ಸಿದ್ಧಳಿದ್ದೇನೆ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಯಿಂದ ರಸೀದಿ ಸಿಗುವ ಹಾಗೆ ಕಳಿಸಿ.

ಏಳನೆಯ ಹಂತ: ದೂರು ಎಲ್ಲಿ ಕೊಡುವುದು

ಮೊದಲ ಬಾಗಿಲು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿರುವ ಇದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಸದಸ್ಯ ಕಾರ್ಯದರ್ಶಿ. ದಾಖಲೆ ಕೊಡದಿರುವುದು, ದರಪಟ್ಟಿಗಿಂತ ಹೆಚ್ಚು ವಸೂಲಿ, ಒಪ್ಪಿಗೆಯಿಲ್ಲದ ಶಸ್ತ್ರಚಿಕಿತ್ಸೆ ಮುಂತಾದ, ರೋಗಿಯ ಹಕ್ಕುಗಳ ಉಲ್ಲಂಘನೆಗೆ ಇಲ್ಲಿ ಅರ್ಜಿ ಕೊಡಬಹುದು. ಆಸ್ಪತ್ರೆಯ ನೋಂದಣಿಯ ಮೇಲೆ ಈ ಪ್ರಾಧಿಕಾರಕ್ಕೆ ಅಧಿಕಾರವಿರುವುದರಿಂದ ಆಸ್ಪತ್ರೆಗಳು ಇದನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ.

ಹಣದ ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಕಾರಣ ಉಂಟಾದ ದಿನದಿಂದ 2 ವರ್ಷಗಳ ಒಳಗೆ ದೂರು ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಲು ಕೇಳಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ದೂರು ನಡೆಸಬಹುದು. ಎಲ್ಲರಿಗೂ ಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಈ ಕಾಯ್ದೆಗೆ ಬಾರದು ಎಂದು 1995ರ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರಿಂದ ಹಣ ಪಡೆಯುವ ಆಸ್ಪತ್ರೆಗಳೂ, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಗಳೂ ಒಳಗೆ ಬರುತ್ತವೆ. ವೈದ್ಯಕೀಯ ಪ್ರಕರಣದಲ್ಲಿ ತಜ್ಞರ ಸಾಕ್ಷ್ಯ ಎಲ್ಲಿಂದ ತರುವುದು ಎಂಬ ಭಯ ಹಲವರನ್ನು ಹಿಂದೆ ಸರಿಸುತ್ತದೆ. ಪ್ರತಿಯೊಂದು ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಬೇಕಿಲ್ಲ ಎಂದು 2010ರ ಕಿಶನ್ ರಾವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ಒಪ್ಪಿಗೆ ಪತ್ರವೇ ಇಲ್ಲ, ಅಥವಾ ಅದರಲ್ಲಿ ಅಂಡಾಶಯದ ಮಾತೇ ಇಲ್ಲ ಎಂಬುದನ್ನು ತೋರಿಸಲು ಹಾಳೆಯೇ ಸಾಕು.

ಗಡಿಭಾಗದವರು ಗಮನಿಸಬೇಕಾದ ಒಂದು ಅಂಶವಿದೆ. ಆಳಂದ ಮತ್ತು ಅಫಜಲಪುರದ ಕಡೆಯವರು ಸೊಲ್ಲಾಪುರಕ್ಕೆ, ಬೀದರ್ ಮತ್ತು ಚಿಂಚೋಳಿಯ ಕಡೆಯವರು ಹೈದರಾಬಾದಿಗೆ ಚಿಕಿತ್ಸೆಗೆ ಹೋಗುವುದು ಸಾಮಾನ್ಯ. ಅಲ್ಲಿನ ಆಸ್ಪತ್ರೆಗಳ ಮೇಲೆ ಕರ್ನಾಟಕದ ಜಿಲ್ಲಾಧಿಕಾರಿಗೆ ಅಧಿಕಾರವಿಲ್ಲ, ಆ ದೂರನ್ನು ಆಯಾ ರಾಜ್ಯದ ಪ್ರಾಧಿಕಾರಕ್ಕೆ ಕೊಡಬೇಕು. ಆದರೆ ಗ್ರಾಹಕ ದೂರನ್ನು ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು 2019ರ ಅಧಿನಿಯಮ ಅವಕಾಶ ಕೊಟ್ಟಿದೆ. ಸೊಲ್ಲಾಪುರದ ಆಸ್ಪತ್ರೆಯ ವಿರುದ್ಧ ಕಲಬುರಗಿಯ ಆಯೋಗದ ಮುಂದೆ ನಿಲ್ಲಬಹುದು.

ವೈದ್ಯರ ನಡವಳಿಕೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ಅಲ್ಲಿ ಸಿಗುವುದು ಶಿಸ್ತುಕ್ರಮ, ಪರಿಹಾರ ಧನವಲ್ಲ. ಪೊಲೀಸ್ ದೂರಿನ ದಾರಿ ಕಿರಿದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ವೈದ್ಯರ ಮೇಲೆ ಕ್ರಿಮಿನಲ್ ನಿರ್ಲಕ್ಷ್ಯದ ಪ್ರಕರಣಕ್ಕೆ ಗಂಭೀರ ನಿರ್ಲಕ್ಷ್ಯ ಕಾಣಬೇಕು, ಸ್ವತಂತ್ರ ವೈದ್ಯಕೀಯ ಅಭಿಪ್ರಾಯವೂ ಬೇಕು.

ಇವಕ್ಕೆಲ್ಲ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಂ ಪ್ರಕಾರ ಮಹಿಳೆಯರೆಲ್ಲರೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರೆಲ್ಲರೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ನೇರವಾಗಿ ಕಾಣಬಹುದು, 15100ಕ್ಕೆ ಕರೆಯನ್ನೂ ಮಾಡಬಹುದು.

ಎಂಟನೆಯ ಹಂತ: ಜಿಲ್ಲೆಯ ಲೆಕ್ಕ ಕೇಳುವುದು

ಇದು ಒಬ್ಬ ರೋಗಿಯ ಕೆಲಸಕ್ಕಿಂತ ಸ್ವಸಹಾಯ ಸಂಘಗಳ, ಪಂಚಾಯತಿ ಸದಸ್ಯೆಯರ ಕೆಲಸ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಹೆಂಗಸರ ಪರವಾಗಿ ಡಾ. ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು, ಎಲ್ಲ ರಾಜ್ಯಗಳೂ ಈ ಮಾರ್ಗಸೂಚಿಯನ್ನು 3 ತಿಂಗಳ ಒಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಅನಗತ್ಯವಾಗಿ ಅಥವಾ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಚೀಲ ತೆಗೆದದ್ದು ಕಂಡುಬಂದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸುವಂಥ ಕಠಿಣ ಕ್ರಮ ಬೇಕೆಂದೂ ಹೇಳಿತು. ಆ ಮಾರ್ಗಸೂಚಿಯಲ್ಲಿ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟಗಳಲ್ಲಿ ಉಸ್ತುವಾರಿ ಸಮಿತಿಗಳ ಮಾತಿದೆ.

ಸಮಿತಿ ನಿಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು, ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆದು, ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಜಿಲ್ಲಾ ಉಸ್ತುವಾರಿ ಸಮಿತಿ ರಚನೆಯಾದ ಆದೇಶದ ಪ್ರತಿ, ಕಳೆದ ವರ್ಷದ ಸಭೆಗಳ ನಡಾವಳಿ, ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ಸಲ್ಲಿಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ, ಅವರಲ್ಲಿ 40 ವರ್ಷಕ್ಕಿಂತ ಕಡಿಮೆ ವಯಸ್ಸಿನವರ ಸಂಖ್ಯೆ ಇಷ್ಟನ್ನು ಕೇಳಿರಿ. ರೋಗಿಗಳ ಹೆಸರು ಕೇಳಬೇಡಿ. ಅದು ಸಿಗುವುದೂ ಇಲ್ಲ, ಸಿಗಲೂಬಾರದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳ ಒಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಮನವಿ ಸಲ್ಲಿಸಿರಿ. ಅಲ್ಲಿಯೂ ಆಗದಿದ್ದರೆ 90 ದಿನಗಳ ಒಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಆಯೋಗದ ಪೀಠ ಕಲಬುರಗಿಯಲ್ಲಿಯೇ ಇದೆ.